ಕೆಂಪು ದೀಪ ಹತ್ತಿತ್ತು

ಬೆಳಿಗ್ಗೆ ಹತ್ತು ನಲವತ್ತಕ್ಕೆ ಅಣ್ಣ ಎಡಗಾಲನ್ನು ಇಳಿದು ಬರುತ್ತಿದ್ದ ಕಬ್ಬಿಣದ ಹಲಗೆಯ ಕೆಳಗೆ ಚಾಚಿದರು. ಆಗಷ್ಟೇ ನಾನು ಲ್ಯಾಪ್‌ಟಾಪಿನ ಮೂಲೆಯ ಗಡಿಯಾರ ನೋಡಿದ್ದೆ. ಹನ್ನೊಂದರೊಳಗೆ ಮುಗಿದರೆ ಎದುರಿನ ದರ್ಶಿನಿಯಲ್ಲಿ ಕಾಫಿ ಕುಡಿಯಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಕಣ್ಣೆತ್ತಿದಾಗ ಕಂಬದ ಮೇಲಿನ ಸೆನ್ಸರಿನ ಸಣ್ಣ ದೀಪ ಹಸಿರಿನಿಂದ ಕೆಂಪಾಯಿತು. ಕೆಂಪಾದ ಕೂಡಲೇ ಹಲಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ.

ಅದು ಇಂದಿರಾನಗರದ ಒಂದು ಅಡ್ಡರಸ್ತೆಯ ಅಪಾರ್ಟ್‌ಮೆಂಟಿನ ನೆಲಮಾಳಿಗೆ. ಹಳೆಯ ಸೈಟುಗಳಲ್ಲಿ ನಾಲ್ಕು ಮಹಡಿ ಎದ್ದ ಮೇಲೆ ಕಾರು ನಿಲ್ಲಿಸಲು ಜಾಗ ಸಾಲದೆ ಒಂದರ ಮೇಲೊಂದು ಕಾರು ಇಡುವ ಯಂತ್ರ ಹಾಕಿಸುತ್ತಾರಲ್ಲ, ನಮ್ಮ ಕಂಪನಿ ಮಾಡುತ್ತಿದ್ದುದು ಅವುಗಳ ನಿಯಂತ್ರಣ ಪೆಟ್ಟಿಗೆಯನ್ನು. ಗುಂಡಿ ಒತ್ತಿದರೆ ಕಾರು ಹೊತ್ತ ಹಲಗೆ ಇಳಿಯುತ್ತದೆ. ಕೆಳಗೆ ಯಾರಾದರೂ ಅಡ್ಡ ಬಂದರೆ ಸೆನ್ಸರಿನ ಬೆಳಕು ಕಡಿದು ಮೋಟರು ನಿಲ್ಲುತ್ತದೆ. ಹೊಸ ಸಾಫ್ಟ್‌ವೇರ್ ಹಾಕಿದ ಮೊದಲ ಕಟ್ಟಡ ಅದು. ನಾನು ಕಂಪನಿಯ ಟೆಸ್ಟಿಂಗ್ ಎಂಜಿನಿಯರ್. ಅಣ್ಣ ನಮ್ಮ ಫಿಟ್ಟರ್. ಮನೆಯಲ್ಲಿ ತಮಿಳು, ನಮ್ಮೊಡನೆ ಕನ್ನಡ, ವಾಚ್‌ಮನ್‌ಗಳ ಜೊತೆ ಉರ್ದು. ಕಂಪನಿಯಲ್ಲಿ ಎಲ್ಲರಿಗೂ ಅವರು ಅಣ್ಣನೇ.

ಕೆಲಸದ ನಿಯಮದಲ್ಲಿ ಪೊರಕೆಯ ಹಿಡಿ ಅಡ್ಡ ಹಿಡಿದು ಪರೀಕ್ಷಿಸಬೇಕು ಎಂದಿತ್ತು. ಆದರೆ ಕಾರು ಮಾಲೀಕರು ಸುತ್ತ ನಿಂತು ನೋಡುವಾಗ ಫಿಟ್ಟರ್‌ಗಳು ಯಾರೂ ಪೊರಕೆ ಹಿಡಿಯುತ್ತಿರಲಿಲ್ಲ. ಕಾಲು ಇಡುತ್ತಿದ್ದರು. ಹಲಗೆ ಕಾಲಿನಿಂದ ಎರಡು ಗೇಣು ಮೇಲೆ ಗಕ್ಕನೆ ನಿಂತಾಗ ಹೆಂಗಸರು "ಅಯ್ಯೋ" ಎನ್ನುತ್ತಿದ್ದರು, ಗಂಡಸರು ನಗುತ್ತಿದ್ದರು, ಆಮೇಲೆ ಯಾರೂ ಎರಡನೇ ಪ್ರಶ್ನೆ ಕೇಳುತ್ತಿರಲಿಲ್ಲ. ನಮ್ಮ ಕಂಪನಿಯ ಮಾಲೀಕರಿಗೆ ಅದು ಬಹಳ ಇಷ್ಟ. ಹೊಸ ಗಿರಾಕಿಗಳಿಗೆ ಅವರೇ ಹೇಳುತ್ತಿದ್ದರು, "ನಮ್ಮ ಹುಡುಗ್ರು ಕಾಲಿಟ್ಟು ತೋರಿಸ್ತಾರೆ."

ಆ ದಿನ ಎದುರಿಗಿದ್ದವರು ನಿವಾಸಿಗಳ ಸಂಘದ ಅಧ್ಯಕ್ಷರು, ವಿಮಾ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅಣ್ಣ ಪ್ಯಾಂಟಿನ ತುದಿ ಮಡಚಿ ಹೇಳಿದರು:

"ನೋಡಿ ಸಾರ್, ನಿಮ್ ಕಾರ್ ಬಿಡಿ, ನನ್ ಕಾಲೇ ಇಡ್ತೀನಿ. ನಿಲ್ಲಿಲ್ಲಾಂದ್ರೆ ಕಾಲು ನಿಮ್ದೇ, ಇಟ್ಕೊಳ್ಳಿ."

"ಬೇಡಪ್ಪ, ನಮ್ಮನೇಲಿ ಜಾಗ ಇಲ್ಲ," ಎಂದರು ಅಧ್ಯಕ್ಷರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ದೀಪ ಕೆಂಪಾದರೂ ಹಲಗೆ ಇಳಿಯುತ್ತಲೇ ಇತ್ತು. ಕಂಬದ ಇನ್ನೊಂದು ಬದಿಗೆ ತುರ್ತು ಗುಂಡಿಯಿತ್ತು. ಓಡಿ ಹೋಗಿ ಅಂಗೈಯಿಂದ ಹೊಡೆದೆ. ಮೋಟರಿನ ಸದ್ದು ನಿಂತಿತು. ಆದರೆ ಅಷ್ಟರಲ್ಲಿ ಹಲಗೆಯ ಅಂಚು ಅಣ್ಣನ ಪಾದದ ಮುಂಭಾಗದ ಮೇಲೆ ಕೂತಿತ್ತು. ಅವರು ಕಿರುಚಲಿಲ್ಲ. "ಏತ್ತು, ಏತ್ತು" ಎಂದು ತಮಿಳಿನಲ್ಲಿ ಮೆಲ್ಲಗೆ ಹೇಳುತ್ತಿದ್ದರು. ಎತ್ತು, ಎತ್ತು.

ಎತ್ತುವುದು ಹೇಗೆ? ಕೈಯಿಂದ ತಿರುಗಿಸುವ ಹಿಡಿಕೆ ಹೊರಗೆ ವ್ಯಾನಿನಲ್ಲಿತ್ತು, ವ್ಯಾನಿನ ಕೀಲಿ ಅಣ್ಣನ ಜೇಬಿನಲ್ಲಿ. ತಂದು ತಿರುಗಿಸುವಷ್ಟು ಹೊತ್ತಿರಲಿಲ್ಲ. ಉಳಿದ ದಾರಿ ಒಂದೇ. ತುರ್ತು ಗುಂಡಿ ಬಿಡಿಸಿ, ಯಂತ್ರಕ್ಕೆ ಮತ್ತೆ ವಿದ್ಯುತ್ ಕೊಟ್ಟು, ಮೇಲಕ್ಕೆ ಹೋಗುವ ಬಟನ್ ಒತ್ತುವುದು. ಈಗಷ್ಟೇ ಮಾತು ಕೇಳದ ಯಂತ್ರ ಅದು. ಬಟನ್ ಮೇಲೆ ನನ್ನ ಬೆರಳಿತ್ತು, ಮೇಲಕ್ಕೆ ಹೋಗುವ ಬದಲು ಕೆಳಕ್ಕೆ ಬಂದರೆ ಎಂಬ ಒಂದೇ ಯೋಚನೆ. ಈಗಲೂ ಲಿಫ್ಟಿನೊಳಗೆ ಹೊಕ್ಕು ಬಟನ್ ಮುಟ್ಟುವ ಮೊದಲು ಆ ಬೆರಳು ತಣ್ಣಗಾಗುತ್ತದೆ. ಒತ್ತಿದೆ. ಹಲಗೆ ಮೇಲೆ ಹೋಯಿತು. ಅಧ್ಯಕ್ಷರು ಮತ್ತು ವಾಚ್‌ಮನ್ ಸೇರಿ ಅಣ್ಣನನ್ನು ಹಿಂದಕ್ಕೆ ಎಳೆದರು. ಬೂಟು ಅಲ್ಲೇ ಉಳಿಯಿತು.

ಶಿವಾಜಿನಗರದ ಕಡೆಯ ಆಸ್ಪತ್ರೆಗೆ ಅಧ್ಯಕ್ಷರ ಕಾರಿನಲ್ಲೇ ಕರೆದೊಯ್ದೆವು. ಹಲಸೂರಿನ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅಣ್ಣ ನನ್ನನ್ನು ಕೇಳಿದ ಮಾತು ನೋವಿನದಲ್ಲ.

"ಅಮ್ಮಾ, ಟೇಪ್ ತೆಗ್ದಿದ್ನಾ ನಾನು?"

ಅದೊಂದು ಫಿಟ್ಟರ್‌ಗಳ ರೂಢಿ. ಸರಪಳಿಗೆ ಗ್ರೀಸ್ ಹಚ್ಚುವಾಗ ಕೈ ಅಡ್ಡ ಬಂದು ಪದೇಪದೇ ಮೋಟರು ನಿಲ್ಲಬಾರದೆಂದು ಸೆನ್ಸರಿನ ಕಣ್ಣಿಗೆ ಹೊಳೆಯುವ ಟೇಪಿನ ಒಂದು ತುಂಡು ಅಂಟಿಸುತ್ತಾರೆ. ಆಗ ಅದಕ್ಕೆ ಯಾವಾಗಲೂ ಬೆಳಕೇ ಕಾಣುತ್ತದೆ, ಯಾರು ಅಡ್ಡ ಬಂದರೂ ಗೊತ್ತಾಗುವುದಿಲ್ಲ, ದೀಪ ಹಸಿರಾಗಿಯೇ ಇರುತ್ತದೆ. ಕೆಲಸ ಮುಗಿದ ಮೇಲೆ ಟೇಪು ಕೀಳಬೇಕು. ಆ ಬೆಳಿಗ್ಗೆಯೂ ಅಣ್ಣ ಗ್ರೀಸ್ ಹಚ್ಚಿದ್ದರು, ಟೇಪು ಅಂಟಿಸಿದ್ದರು. ಕಿತ್ತದ್ದು ಅವರಿಗೆ ನೆನಪಿರಲಿಲ್ಲ.

"ತೆಗ್ದಿದ್ರಿ ಅಣ್ಣಾ. ದೀಪ ಕೆಂಪಾಯ್ತು, ನಾನು ನೋಡ್ದೆ," ಎಂದೆ. ಅವರು ಕಣ್ಣು ಮುಚ್ಚಿಕೊಂಡರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ.

ಪಾದದ ಮುಂಭಾಗವನ್ನು ಉಳಿಸಲಾಗಲಿಲ್ಲ.

ಮಾಲೀಕರು ನೆಲಮಾಳಿಗೆಗೆ ಹೋಗಿ ನೋಡಿ ಬಂದರು. ಕಂಬದ ಬುಡದಲ್ಲಿ ಟೇಪಿನ ತುಂಡೊಂದು ಬಿದ್ದಿತ್ತು. ಅಣ್ಣ ಕಿತ್ತು ಎಸೆದದ್ದೋ, ಎಳೆದಾಟದಲ್ಲಿ ಉದುರಿದ್ದೋ ಹೇಳುವವರು ಯಾರು? ಮಾಲೀಕರು ಮಾತ್ರ ಅವತ್ತೇ ತೀರ್ಮಾನ ಮಾಡಿಬಿಟ್ಟರು. ಸಂಘದವರಿಗೂ ಅದನ್ನೇ ಹೇಳಿದರು.

"ಕೋಡ್ ನೋಡಿದೀವಿ, ಒಂದಕ್ಷರ ತಪ್ಪಿಲ್ಲ. ಟೇಪ್ ಬಿಟ್ಬಿಟ್ಟಿದಾನೆ, ಅಷ್ಟೇ."

"ಸಾರ್, ದೀಪ ಕೆಂಪಾಗಿತ್ತು. ಟೇಪ್ ಇದ್ದಿದ್ರೆ ಹಸಿರೇ ಇರ್ತಿತ್ತು."

"ನೀನು ಗಾಬರೀಲಿ ನೋಡಿರೋದಮ್ಮ. ಗುಂಡಿ ಕೆಂಪು, ರಕ್ತ ಕೆಂಪು. ಎಲ್ಲಾ ಸೇರ್ಕೊಂಡ್ಬಿಡತ್ತೆ ತಲೇಲಿ."

ರಾತ್ರಿ ಹಾಸಿಗೆಯಲ್ಲಿ ಆ ನೆಲಮಾಳಿಗೆಯನ್ನು ಮತ್ತೆಮತ್ತೆ ನೋಡಿದೆ. ಕಾಲು ಚಾಚಿದರು, ದೀಪ ಕೆಂಪಾಯಿತು. ಕಾಲು ಚಾಚಿದರು, ದೀಪ... ನೂರು ಸಲ ನೋಡಿದ ಮೇಲೆ ದೀಪದ ಬಣ್ಣ ಜಾರತೊಡಗಿತು. ಒಮ್ಮೆ ಕೆಂಪು, ಒಮ್ಮೆ ಹಸಿರು. ಪಕ್ಕದ ಮಂಚದಲ್ಲಿದ್ದ ಅಮ್ಮ ದೀಪ ಹಾಕಿ, "ಇನ್ನೂ ಮಲಗ್ಲಿಲ್ವೇನೇ?" ಎಂದು ಕೇಳುತ್ತಿದ್ದರು. ಮಲಗಿದರೂ ಮೋಟರಿನ ಸದ್ದಿಗೆ ಎದ್ದು ಕೂರುತ್ತಿದ್ದೆ. ನಮ್ಮ ಹಲಸೂರಿನ ಮನೆಯಲ್ಲಿ ರಾತ್ರಿ ಓಡುವ ಯಾವ ಮೋಟರೂ ಇಲ್ಲ, ನೀರಿನ ಪಂಪೂ ಕೆಳಗಿನವರದು.

ಇದರ ನಡುವೆ ಮುಂದಿನ ಸೋಮವಾರ ಅದೇ ಸಾಫ್ಟ್‌ವೇರನ್ನು ಮಹದೇವಪುರದ ಒಂದು ದೊಡ್ಡ ಕಟ್ಟಡಕ್ಕೆ ಹಾಕುವುದೆಂದು ನಿಗದಿಯಾಗಿತ್ತು. ಅಲ್ಲಿ ಶಾಲೆಯ ಮಕ್ಕಳು ನೆಲಮಾಳಿಗೆಯಲ್ಲೇ ಸೈಕಲ್ ಹೊಡೆಯುತ್ತಾರೆ. ನಾನೇ ನೋಡಿದ್ದೆ.

ಭಾನುವಾರ ಮಧ್ಯಾಹ್ನ ಆಫೀಸಿಗೆ ಹೋದೆ. ನನ್ನ ಜೊತೆಗೆ ಬಂದದ್ದು ಸಾಫ್ಟ್‌ವೇರ್ ಬಿಲ್ಡ್ ನೋಡಿಕೊಳ್ಳುತ್ತಿದ್ದ ಸಹೋದ್ಯೋಗಿ, ರಾಮಮೂರ್ತಿ ನಗರದಲ್ಲಿ ಬಾಡಿಗೆಗಿದ್ದವನು. ಬಿಲ್ಡ್ ಎಂದರೆ ನಾವು ಬರೆದ ಹತ್ತಾರು ಫೈಲುಗಳನ್ನು ಒಟ್ಟುಗೂಡಿಸಿ ಪೆಟ್ಟಿಗೆಯೊಳಗಿನ ಎಲೆಕ್ಟ್ರಾನಿಕ್ ಚಿಪ್ಪಿಗೆ ಅರ್ಥವಾಗುವ ಒಂದೇ ಮುದ್ದೆ ಮಾಡುವ ಕೆಲಸ. ಹಳೆಯ ಬಿಲ್ಡ್ ವ್ಯವಸ್ಥೆ ನಿಧಾನ, ಗೋಜಲು ಎಂದು ಅವನು ಎರಡು ತಿಂಗಳು ಕೂತು ಹೊಸದಕ್ಕೆ ಬದಲಾಯಿಸಿದ್ದ. ಬಿಲ್ಡ್ ಸರಿಯಾದರೆ ಪರದೆಯ ಮೇಲೆ ಹಸಿರು, ತಪ್ಪಿದರೆ ಕೆಂಪು. ಹೊಸ ವ್ಯವಸ್ಥೆಯಲ್ಲಿ ಮೊದಲ ಹಸಿರು ಬಂದ ದಿನ ಶಿವಾಜಿನಗರದ ಬೇಕರಿಯಿಂದ ದಿಲ್‌ಪಸಂದ್ ತಂದು ಎಲ್ಲರಿಗೂ ಹಂಚಿದ್ದ. ಹಸಿರು ತಂದವನು ಸಿಹಿ ತರಬೇಕೆನ್ನುವುದು ನಮ್ಮ ಆಫೀಸಿನ ಪದ್ಧತಿ. ಅಣ್ಣ ಎರಡು ತುಂಡು ತಿಂದು ಮೂರನೆಯದನ್ನು ಮನೆಗೆ ಕಾಗದದಲ್ಲಿ ಸುತ್ತಿಕೊಂಡಿದ್ದರು.

ಮೇಜಿನ ಮೇಲೆ ನಿಯಂತ್ರಣ ಪೆಟ್ಟಿಗೆಯ ಒಂದು ಬೋರ್ಡು, ಒಂದು ಸಣ್ಣ ಮೋಟರು, ಒಂದು ಸೆನ್ಸರು ಜೋಡಿಸಿದೆವು. ಮೋಟರು ತಿರುಗುತ್ತಿರುವಾಗ ಸ್ಕೇಲು ಅಡ್ಡ ಇಟ್ಟೆ. ಸೆನ್ಸರಿನ ದೀಪ ಕೆಂಪಾಯಿತು. ಮೋಟರು ತಿರುಗುತ್ತಲೇ ಇತ್ತು.

ಸ್ಕೇಲು ತೆಗೆದು ಮತ್ತೆ ಇಟ್ಟೆ. ತಿರುಗುತ್ತಲೇ ಇತ್ತು.

ಆಫೀಸಿನಲ್ಲಿ ಇದು ಮೊದಲೇ ಯಾಕೆ ಸಿಗಲಿಲ್ಲ ಎಂದರೆ, ನಾನೂ ಸೇರಿ ಎಲ್ಲರೂ ಮೊದಲು ಕೈ ಅಡ್ಡ ಇಟ್ಟು ಆಮೇಲೆ ಗುಂಡಿ ಒತ್ತಿ ಪರೀಕ್ಷಿಸಿದ್ದೆವು. ನಿಂತ ಮೋಟರು ಕೆಳಕ್ಕೆ ಹೊರಡದಂತೆ ತಡೆಯುವ ಭಾಗ ಬೇರೆ, ಅದು ಸರಿಯಾಗಿತ್ತು. ಓಡುತ್ತಿರುವ ಮೋಟರನ್ನು ಕೂಡಲೇ ನಿಲ್ಲಿಸುವ ಭಾಗ ಬೇರೆ. ಅದು ಕಂಪನಿ ಶುರುವಾದಾಗ ಇದ್ದ ಒಬ್ಬರು ಎಂಜಿನಿಯರ್ ಬರೆದಿಟ್ಟ ಒಂದೇ ಪುಟದ ಫೈಲಿನಲ್ಲಿತ್ತು. ಉಳಿದದ್ದೆಲ್ಲ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆ, ಅದೊಂದು ಮಾತ್ರ ಅಸೆಂಬ್ಲಿ. ಚಿಪ್ಪಿನ ಜೊತೆ ನಡುವೆ ಯಾರೂ ಇಲ್ಲದೆ ನೇರವಾಗಿ ಮಾತಾಡುವ ಭಾಷೆ. ಬೇಗ ನಿಲ್ಲಲಿ ಎಂದೇ ಹಾಗೆ ಬರೆದಿದ್ದರು. ಫೈಲಿನ ತಲೆಗೆ "ಇದನ್ನು ಮುಟ್ಟಬೇಡಿ" ಎಂದು ಒಂದು ಸಾಲು. ಅವರು ಕೆಲಸ ಬಿಟ್ಟು ಹೋದ ಮೇಲೂ ಯಾರೂ ಮುಟ್ಟಿರಲಿಲ್ಲ. ಹೊಸಬರು ಬಂದರೆ ಮೊದಲು ಹೇಳುವ ಮಾತೇ ಅದು, ಆ ಫೈಲಿನ ತಂಟೆಗೆ ಹೋಗಬೇಡ.

"ನಾನು ಅದನ್ನ ಮುಟ್ಟೇ ಇಲ್ಲ ಗುರು," ಎಂದ ಅವನು. "ಮುಟ್ಬಾರ್ದು ಅಂತ್ಲೇ ಮುಟ್ಟಿಲ್ಲ. ಹಂಗೇ ಎತ್ತಿ ಹೊಸ ಫೋಲ್ಡರ್‌ಗೆ ಇಟ್ಟೆ."

ಹಳೆಯ ಸಾಫ್ಟ್‌ವೇರ್ ಹಾಕಿ ನೋಡಿದೆವು. ಸ್ಕೇಲು ತಾಗಿದ ಕ್ಷಣವೇ ಮೋಟರು ನಿಂತಿತು. ಹೊಸದನ್ನು ಹಾಕಿದೆವು, ನಿಲ್ಲಲಿಲ್ಲ. ಎರಡರಲ್ಲೂ ಅದೇ ಫೈಲು. ಪಕ್ಕಪಕ್ಕ ಇಟ್ಟು ಹೋಲಿಸಿದರೆ ಒಂದು ಚುಕ್ಕೆಯೂ ಬೇರೆಯಿಲ್ಲ. ಅವನು ವೈರು ಬದಲಿಸಿದ. ಕೋಡನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ಕಂಪೈಲರಿನ ವೇಗದ ಆಯ್ಕೆಗಳನ್ನು ಒಂದೊಂದಾಗಿ ತೆಗೆದ. ಕೊನೆಗೆ ಬೆವರೊರೆಸಿಕೊಂಡು, ಮುಟ್ಟಬಾರದ ಆ ಫೈಲಿಗೇ ಕೈ ಹಾಕಿದ. ನಿಲ್ಲಿಸುವ ಆಜ್ಞೆಯನ್ನು ಎರಡು ಸಲ ಬರೆದ. ಮೂರು ಸಲ ಬರೆದ. ಪ್ರತಿ ಸಲವೂ ಬಿಲ್ಡ್ ಹಸಿರು, ಮೋಟರು ಮಾತ್ರ ತಿರುಗುತ್ತಲೇ ಇತ್ತು.

"ಏನ್ ಮಾಡಿದ್ರೂ ಏನೂ ಆಗ್ತಿಲ್ವಲ್ಲೋ," ಎಂದೆ. "ಕೆಟ್ಟದ್ದೂ ಆಗ್ತಿಲ್ಲ."

"ಅಂದ್ರೆ?"

"ತಪ್ಪು ಬರಿ. ಬೇಕಂತ್ಲೇ. ಕೆಂಪು ಬರತ್ತಾ ನೋಡಣ."

ಅವನು ಕೀಬೋರ್ಡನ್ನು ನನ್ನ ಕಡೆ ತಳ್ಳಿದ. ನನಗೆ ಅಸೆಂಬ್ಲಿ ಬರುವುದಿಲ್ಲ, ಬರಬೇಕಾಗಿಯೂ ಇರಲಿಲ್ಲ. ಫೈಲಿನ ನಟ್ಟನಡುವೆ, ಆಜ್ಞೆಗಳ ಮಧ್ಯೆ, ಕನ್ನಡದಲ್ಲಿ ಟೈಪ್ ಮಾಡಿದೆ: ಅಣ್ಣನ ಕಾಲು ಹೋಯಿತು.

ಭೂಮಿಯ ಮೇಲೆ ಅಸೆಂಬ್ಲಿ ಓದುವ ಯಾವ ಪ್ರೋಗ್ರಾಮೂ ಅದನ್ನು ಒಪ್ಪಲಾರದು. ಪರದೆ ಕೆಂಪಾಗಲೇಬೇಕು. ಬಿಲ್ಡ್ ಬಟನ್ ಒತ್ತಿದೆ. ಸಾಲುಗಳು ಸರಸರನೆ ಓಡಿದವು. ಕೊನೆಗೆ ಹಸಿರು.

ಆ ಹಸಿರನ್ನು ನೋಡುತ್ತಾ ಕೂತದ್ದು ನನಗೆ ನೆಲಮಾಳಿಗೆಯಷ್ಟೇ ಸ್ಪಷ್ಟವಾಗಿ ನೆನಪಿದೆ. ಹೊರಗೆ ಯಾರೋ ಹಳೇ ಪೇಪರ್ ಎಂದು ಕೂಗುತ್ತಾ ಹೋಗುತ್ತಿದ್ದ. ನಮ್ಮ ಯಂತ್ರ ಆ ಫೈಲನ್ನು ತಪ್ಪಾಗಿ ಓದಿರಲಿಲ್ಲ. ಓದಿಯೇ ಇರಲಿಲ್ಲ.

ಆಮೇಲಿನದು ಅರ್ಧ ಗಂಟೆಯ ಕೆಲಸ. ಹೊಸ ಬಿಲ್ಡ್ ವ್ಯವಸ್ಥೆಗೆ ಆರಂಭದಲ್ಲೇ ಈ ಕೆಲಸದಲ್ಲಿ ಯಾವ ಯಾವ ಭಾಷೆಗಳಿವೆ ಎಂದು ಹೇಳಬೇಕು. ಅವನು ಸಿ ಎಂದಷ್ಟೇ ಹೇಳಿದ್ದ. ಅಸೆಂಬ್ಲಿ ಫೈಲಿನ ಹೆಸರು ಫೈಲುಗಳ ಸಾಲಿನಲ್ಲಿ ಇತ್ತು, ಆದರೆ ಅದು ತನಗೆ ಹೇಳಿದ ಭಾಷೆಯಲ್ಲ ಎಂದು ವ್ಯವಸ್ಥೆ ಅದನ್ನು ದಾಟಿಕೊಂಡು ಮುಂದೆ ಹೋಗುತ್ತಿತ್ತು. ಎಚ್ಚರಿಕೆ ಇಲ್ಲ, ದೂರು ಇಲ್ಲ. ಹಾಗಾದರೆ ನಿಲ್ಲಿಸುವ ಭಾಗವೇ ಇಲ್ಲವೆಂದು ಕೊನೆಯಲ್ಲಾದರೂ ಗೊತ್ತಾಗಬೇಕಿತ್ತಲ್ಲ? ಚಿಪ್ಪು ಮಾಡಿದವರು ಇಂಥ ಪ್ರತಿಯೊಂದು ಜಾಗಕ್ಕೂ ಒಂದು ಖಾಲಿ ಬದಲಿಯನ್ನು ಇಟ್ಟಿರುತ್ತಾರೆ, ನಮ್ಮದು ಬರುವ ತನಕ ಜಾಗ ಹಿಡಿದಿರಲಿ ಎಂದು. ನಮ್ಮದು ಬರಲಿಲ್ಲ. ನಮ್ಮ ಬೋರ್ಡಿನಲ್ಲಿ ಆ ಖಾಲಿ ಬದಲಿಯ ಕೆಲಸ ಇಷ್ಟೇ, ಕರೆದಾಗ ಬಂದು ಏನೂ ಮಾಡದೆ ವಾಪಸ್ ಹೋಗುವುದು. ಅಣ್ಣ ಕಾಲಿಟ್ಟಾಗ ಸೆನ್ಸರು ಕೂಗಿತ್ತು. ಬಂದದ್ದು ಆ ಖಾಲಿ ಬದಲಿ.

ಅವನು ಆರಂಭದ ಸಾಲಿನಲ್ಲಿ ಒಂದು ಪದ ಸೇರಿಸಿದ. ಬಿಲ್ಡ್ ಒತ್ತಿದ. ಪರದೆ ಕೆಂಪಾಯಿತು, ನನ್ನ ಕನ್ನಡದ ಸಾಲನ್ನು ತೋರಿಸಿ ಇದು ನನಗೆ ಅರ್ಥವಾಗುತ್ತಿಲ್ಲ ಎಂದಿತು. ಅವನು ಎದ್ದು ಬಚ್ಚಲಿಗೆ ಹೋದ. ವಾಪಸ್ ಬಂದು, "ಒಂದ್ ಪದ ಗುರು," ಎಂದ. ನಾನು ಕನ್ನಡದ ಸಾಲನ್ನು ಅಳಿಸಿ ಮತ್ತೆ ಬಿಲ್ಡ್ ಮಾಡಿ ಸ್ಕೇಲು ಅಡ್ಡ ಇಟ್ಟೆ, ಮೋಟರು ನಿಂತಿತು.

ಸೋಮವಾರ ಮಾಲೀಕರ ಎದುರಿಗೆ ಮೇಜಿನ ಮೇಲೆ ಎಲ್ಲವನ್ನೂ ಮಾಡಿ ತೋರಿಸಿದೆವು. ಅವರು ಸ್ಕೇಲನ್ನು ಕೈಯಲ್ಲಿ ಹಿಡಿದು ತಾವೇ ನಾಲ್ಕೈದು ಸಲ ಅಡ್ಡ ಇಟ್ಟು ನೋಡಿದರು. ಮಹದೇವಪುರದವರಿಗೆ ಫೋನ್ ಮಾಡಿ ಕೆಲಸ ಮುಂದೂಡಿದರು. ಇಂದಿರಾನಗರದ ಯಂತ್ರಕ್ಕೆ ಬೀಗ ಹಾಕಿಸಿದರು. ಅಷ್ಟರ ಮಟ್ಟಿಗೆ ಅವರು ಕೆಟ್ಟವರಲ್ಲ.

ಆಮೇಲೆ ಬಾಗಿಲು ಹಾಕಿ ಹೇಳಿದರು, "ಸರಿ ಮಾಡಿದ್ರಲ್ಲ, ಆಯ್ತು. ಇನ್ ಮೇಲೆ ಯಾರಿಗೂ ತೊಂದ್ರೆ ಇಲ್ಲ. ಆ ಟೇಪ್ ವಿಷ್ಯ ಹಂಗೇ ಇರ್ಲಿ."

"ಅಣ್ಣನಿಗೆ ಏನ್ ಹೇಳೋದು ಸಾರ್?"

"ಅವನ್ನ ನಾನು ನೋಡ್ಕೋತೀನಿ. ಆಸ್ಪತ್ರೆ, ಕೆಲ್ಸ, ಎಲ್ಲಾ. ಅವನೂ ಟೇಪೇ ಅಂತಿದಾನೆ, ಕೇಳಿ ಬೇಕಾದ್ರೆ."

ಅದು ನಿಜವಾಗಿತ್ತು. ಸಂಜೆ ಆಸ್ಪತ್ರೆಗೆ ಹೋದಾಗ ಅಣ್ಣನ ಹೆಂಡತಿ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ಕಂಪನಿಯ ಯಾರು ಬಂದರೂ ಅವರು ಎದ್ದು ನಿಲ್ಲುತ್ತಿದ್ದರು, ಗಂಡ ಏನೋ ಒಡೆದುಹಾಕಿ ಬಂದಿದ್ದಾನೆ ಎಂಬ ಹಾಗೆ.

"ರಾತ್ರಿ ಎಲ್ಲಾ ಕೈ ಹಿಂಗೆ ಹಿಂಗೆ ಮಾಡ್ತಾರಮ್ಮಾ," ಎಂದು ಗಾಳಿಯಲ್ಲಿ ಏನನ್ನೋ ಉಗುರಿನಿಂದ ಕೀಳುವಂತೆ ತೋರಿಸಿದರು. "ನಿದ್ದೇಲಿ ಟೇಪ್ ಕೀಳ್ತಾರೆ. ನನ್ ತಪ್ಪು, ನನ್ ತಪ್ಪು ಅಂತಾರೆ. ನಿಮ್ ಸಾರ್ ಕೂಡ ಅದೇ ಹೇಳಿದ್ರಂತೆ."

ಅಣ್ಣನಿಗೇ ಹೇಳೋಣವೆಂದು ನಾನು ಒಳಗೆ ಹೋಗಲು ಕಾಯುತ್ತಾ ಕೂತೆ. ಆ ಹೆಂಗಸಿನ ಬೆರಳಿನ ಆ ಚಲನೆ ಕಣ್ಣ ಮುಂದಿನಿಂದ ಹೋಗಲಿಲ್ಲ. ರಾತ್ರಿಯಿಡೀ ನಾನೊಂದು ದೀಪ ನೋಡುತ್ತಿದ್ದೆ, ಅಣ್ಣ ಒಂದು ಟೇಪು ಕೀಳುತ್ತಿದ್ದರು. ಒಳಗೆ ಹೋಗುವಷ್ಟರಲ್ಲಿ ಅಣ್ಣನಿಗೆ ಔಷಧಿಯ ಮಂಪರು ಹತ್ತಿತ್ತು. ಏನೂ ಹೇಳಲಾಗಲಿಲ್ಲ.

ಮರುವಾರ ಸಂಘದವರು ಅದೇ ನೆಲಮಾಳಿಗೆಯಲ್ಲಿ ಸಭೆ ಕರೆದರು. ಪ್ಲಾಸ್ಟಿಕ್ ಕುರ್ಚಿಗಳನ್ನು ಯಂತ್ರದಿಂದ ದೂರ ಹಾಕಿದ್ದರು. ಮಾಲೀಕರು ಎದ್ದು, ನಮ್ಮ ಕೆಲಸಗಾರನ ಕೈತಪ್ಪಿನಿಂದ ಎಂದು ಶುರು ಮಾಡಿದರು. ಅಧ್ಯಕ್ಷರು ತಡೆದು ನನ್ನ ಕಡೆ ತಿರುಗಿದರು.

"ನೀವು ಇಲ್ಲೇ ಇದ್ರಲ್ಲಮ್ಮ. ನೀವೇನ್ ನೋಡಿದ್ರಿ?"

ಮಾಲೀಕರು ನನ್ನನ್ನೇ ನೋಡುತ್ತಿದ್ದರು. "ದೀಪ ಕೆಂಪಾಯ್ತು ಸಾರ್," ಎಂದೆ. "ಟೇಪ್ ಇರ್ಲಿಲ್ಲ. ಸೆನ್ಸರ್ ಹೇಳ್ತು. ನಮ್ ಸಾಫ್ಟ್‌ವೇರ್ ಕೇಳಿಸ್ಕೊಳ್ಲಿಲ್ಲ."

ಹಿಂದಿನ ಕುರ್ಚಿಯಿಂದ ನನ್ನ ಸಹೋದ್ಯೋಗಿ ಎದ್ದ. ಅವನಿಗೆ ಬರಲು ಯಾರೂ ಹೇಳಿರಲಿಲ್ಲ. "ಬಿಲ್ಡ್ ಮಾಡಿದ್ದು ನಾನು," ಎಂದ. "ನಿಲ್ಲಿಸೋ ಫೈಲು ಅದ್ರೊಳಗೆ ಸೇರೇ ಇರ್ಲಿಲ್ಲ. ಅಣ್ಣಂದು ಏನೂ ತಪ್ಪಿಲ್ಲ."

ಒಬ್ಬ ಹೆಂಗಸು ತನ್ನ ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿ ಹೋದಳು. ಅಧ್ಯಕ್ಷರು ಆ ಹಲಗೆಯನ್ನೇ ನೋಡಿ, "ನಾನು ಜೋಕ್ ಮಾಡ್ದೆ ಅವತ್ತು," ಎಂದರು. ಮಾಲೀಕರು ಕುರ್ಚಿಯಲ್ಲಿ ಕೂತು ಚಪ್ಪಲಿ ನೋಡುತ್ತಾ, ಟೇಪಿನ ಮಾತನ್ನು ವಾಪಸ್ ತಗೋತೀನಿ ಎಂದರು. ಆ ತಿಂಗಳ ಕೊನೆಗೆ ನಮ್ಮಿಬ್ಬರ ಕೆಲಸವೂ ಹೋಯಿತು.

ಅಣ್ಣ ಮನೆಗೆ ಬಂದ ಮೇಲೆ ಕೆ.ಆರ್. ಪುರಕ್ಕೆ ಹೋದೆ. ಗುರುವಾರ. ರೈಲ್ವೆ ಹಳಿಯ ಪಕ್ಕದ ಬೀದಿ, ಒಂದು ಕೋಣೆ, ಒಂದು ಅಡುಗೆಮನೆ. ಅಣ್ಣ ಮಂಚದ ಮೇಲೆ ಕೂತಿದ್ದರು, ಎಡಗಾಲಿಗೆ ಬಿಳಿ ಸುತ್ತು. ನಾನು ಪೂರ್ತಿ ಹೇಳಿದೆ. ಸ್ಕೇಲು, ಮೋಟರು, ನಾನು ಬರೆದ ಕನ್ನಡದ ಸಾಲು, ಬಂದ ಹಸಿರು. ಬಿಲ್ಡ್, ಅಸೆಂಬ್ಲಿ ಅವರಿಗೆ ಬೇಕಾಗಿರಲಿಲ್ಲ. ಅವರಿಗೆ ಬೇಕಿದ್ದದ್ದು ಒಂದೇ.

"ಲೈಟ್ ಕೆಂಪಾಯ್ತು ಅಂದ್ರಲ್ಲ. ಮೇಜಿನ ಮೇಲೂ ಕೆಂಪಾಯ್ತಾ?"

"ಆಯ್ತು ಅಣ್ಣಾ. ಕೆಂಪಾದ್ರೂ ಮೋಟರ್ ನಿಲ್ಲಿಲ್ಲ. ಅವತ್ತಿನ ಥರಾನೇ."

"ಹಂಗಾದ್ರೆ ತೆಗ್ದಿದ್ದೆ."

"ತೆಗ್ದಿದ್ರಿ."

ಅವರು ಹೆಂಡತಿಯ ಕಡೆ ತಿರುಗಿ ತಮಿಳಿನಲ್ಲಿ ಹೇಳಿದರು, ನಾನು ತೆಗೆದಿದ್ದೆನಂತೆ. ಆಕೆ ಒಲೆಯ ಮುಂದಿನಿಂದ ತಿರುಗಲಿಲ್ಲ, ಸೆರಗು ಮುಖಕ್ಕೆ ಹೋಯಿತು. ಅಣ್ಣ ತಮ್ಮ ಬಲಗೈಯ ಹೆಬ್ಬೆರಳಿನ ಉಗುರನ್ನು ನೋಡಿಕೊಳ್ಳುತ್ತಾ ಕೂತರು. ಆಮೇಲೆ, "ಕಾಲು ಬರಲ್ಲ ಬಿಡಮ್ಮಾ," ಎಂದರು. "ಇನ್ನು ಪೊರಕೆ ಹಿಡೀತೀನಿ ಅಂದ್ರೂ ಯಾರ್ ಕರೀತಾರೆ." ಟೀ ಕುಡಿದು ಎದ್ದೆ.

ವಾಪಸ್ ಬರುವಾಗ ಮೆಟ್ರೋದಲ್ಲಿ ಸೀಟು ಸಿಕ್ಕಿತು. ಇಂದಿರಾನಗರ ಬಂದದ್ದು ಗೊತ್ತು, ಹಲಸೂರು ಬಂದದ್ದು ಗೊತ್ತಿಲ್ಲ. ಎಂ.ಜಿ. ರಸ್ತೆಯಲ್ಲಿ ಪಕ್ಕದ ಹೆಂಗಸು ಭುಜ ತಟ್ಟಿ ಎಬ್ಬಿಸಿದರು, ನಾನು ಅವರ ಮೇಲೆ ಒರಗಿ ನಿದ್ದೆ ಹೋಗಿದ್ದೆ. ಇಳಿದು, ಇನ್ನೊಂದು ಬದಿಯ ರೈಲು ಹತ್ತಿ ಮನೆಗೆ ಬಂದು, ಊಟಕ್ಕೂ ಕೂರದೆ ಹಾಸಿಗೆಗೆ ಬಿದ್ದೆ. ಕಣ್ಣು ಬಿಟ್ಟಾಗ ಕಿಟಕಿಯ ಬಿಸಿಲು ಗೋಡೆಯ ಮೇಲಿತ್ತು. ಅಡುಗೆಮನೆಯಲ್ಲಿ ಅಮ್ಮ ಒರಳುಕಲ್ಲಿನಲ್ಲಿ ಚಟ್ನಿ ರುಬ್ಬುತ್ತಿದ್ದರು. ಮಿಕ್ಸಿ ಹಾಕಿದರೆ ನಾನು ಎದ್ದುಬಿಡುತ್ತೇನೆಂದು.